ಹೇಳಿದಂತೆ ಕೇಳದ ಗೊಂಬೆಗಳು

ವಿಡಿಯೋ ಗೇಮ್ ಎಂದ ಕೂಡಲೇ ಬಂದೂಕು, ಕಾರು, ಓಟ ನೆನಪಾಗುವವರಿಗೆ ಜೀವನ ಸಿಮ್ಯುಲೇಶನ್ ಆಟಗಳು ವಿಚಿತ್ರವೆನಿಸಬಹುದು. ಇಲ್ಲಿ ಗೆಲ್ಲಲು ಕೋಟೆಯಿಲ್ಲ, ಹೊಡೆಯಲು ವೈರಿಯಿಲ್ಲ. ಎದ್ದು ಸ್ನಾನ ಮಾಡಿ, ಅಡುಗೆ ಮಾಡಿ ಉಂಡು, ಕೆಲಸಕ್ಕೆ ಹೋಗಿ ಬಂದು, ಪಕ್ಕದ ಮನೆಯವರೊಂದಿಗೆ ನಾಲ್ಕು ಮಾತಾಡಿ ಮಲಗುವುದೇ ಆಟ. ಇದರಲ್ಲಿ ಅಚ್ಚುಮೆಚ್ಚಿನದೇನು ಎಂದು ಆಡುವವರನ್ನು ಕೇಳಿದರೆ ಮನೆ ಕಟ್ಟುವುದು, ಬಟ್ಟೆ ಆರಿಸುವುದು ಎಂಬ ಉತ್ತರ ಸಿಗುತ್ತದೆ. ಆದರೆ ಈ ಪ್ರಕಾರವನ್ನು ನಲವತ್ತು ವರ್ಷ ಜೀವಂತವಾಗಿಟ್ಟದ್ದು ಬೇರೆಯದೇ ಗುಣ ಎಂಬುದು ನನ್ನ ನಂಬಿಕೆ: ನಾವು ಹೇಳದಿದ್ದರೂ ತಮ್ಮ ಪಾಡಿಗೆ ತಾವು ಬದುಕುವ, ಕೆಲವೊಮ್ಮೆ ಹೇಳಿದ್ದನ್ನೂ ಕೇಳದ ಪಾತ್ರಗಳು.

ಈ ಗುಣ ಮೊದಲು ಸ್ಪಷ್ಟವಾಗಿ ಕಂಡದ್ದು 1985ರಲ್ಲಿ ಆಕ್ಟಿವಿಷನ್ ಕಂಪನಿ ತಂದ ‘ಲಿಟಲ್ ಕಂಪ್ಯೂಟರ್ ಪೀಪಲ್’ನಲ್ಲಿ. ರಿಚ್ ಗೋಲ್ಡ್ ಅವರ ಕಲ್ಪನೆಯನ್ನು ಡೇವಿಡ್ ಕ್ರೇನ್ ಕಮೊಡೋರ್ 64 ಕಂಪ್ಯೂಟರಿಗೆ ಇಳಿಸಿದರು. ಪರದೆಯ ತುಂಬ ಮುಂದಿನ ಗೋಡೆ ತೆಗೆದ ಮಹಡಿ ಮನೆ. ಅದರಲ್ಲಿ ಒಬ್ಬ ಮನುಷ್ಯ, ಒಂದು ನಾಯಿ. ಅವನು ಪಿಯಾನೋ ನುಡಿಸುತ್ತಾನೆ, ಇಸ್ಪೀಟಿಗೆ ಕರೆಯುತ್ತಾನೆ, ಟೈಪ್‌ರೈಟರ್ ಮುಂದೆ ಕೂತು ನಮಗೇ ಪತ್ರ ಬರೆಯುತ್ತಾನೆ. ಏನಾದರೂ ಮಾಡು ಎಂದು ನಾವು ಬೇಡಿಕೊಳ್ಳಬಹುದು, ನಡೆಸಿಕೊಡುವುದು ಬಿಡುವುದು ಅವನಿಷ್ಟ.

ಮುಂದೆ 1996 ಸುಗ್ಗಿಯ ವರ್ಷ. ಜಪಾನಿನ ಬಂದಾಯಿ ಕಂಪನಿಯ ತಮಗೋಚಿ ಎಂಬ ಪುಟ್ಟ ಡಿಜಿಟಲ್ ಸಾಕುಪ್ರಾಣಿ ಮಕ್ಕಳ ಜೇಬು ಸೇರಿತು. ಹೊತ್ತಿಗೆ ಸರಿಯಾಗಿ ಉಣಿಸದಿದ್ದರೆ ಅದು ಸಾಯುತ್ತಿತ್ತು. ಬ್ರಿಟನ್ನಿನ ಸ್ಟೀವ್ ಗ್ರಾಂಡ್ ರೂಪಿಸಿದ ‘ಕ್ರಿಯೇಚರ್ಸ್’ನ ನಾರ್ನ್ ಎಂಬ ಮರಿಗಳಿಗೆ ಪುಟ್ಟ ನರಜಾಲದ ಮಿದುಳೂ ಡಿಜಿಟಲ್ ವಂಶವಾಹಿಯೂ ಇದ್ದವು. ಮಾತು ಕಲಿಸಿದರೆ ಕಲಿಯುತ್ತಿದ್ದವು. ಅದೇ ವರ್ಷ, ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊ ಸೇರಿದ್ದ ಯಾಸುಹಿರೊ ವಾಡಾ ‘ಹಾರ್ವೆಸ್ಟ್ ಮೂನ್’ ಮಾಡಿದರು. ಹೊಲ ಉಳುವುದು, ದನ ಸಾಕುವುದು, ಊರಿನವರ ಸ್ನೇಹ ಗಳಿಸುವುದು ಆಟವಾಗಬಹುದೆಂದು ಆವರೆಗೆ ಯಾರೂ ಅಷ್ಟು ಗಟ್ಟಿಯಾಗಿ ತೋರಿಸಿರಲಿಲ್ಲ.

ಇಷ್ಟೆಲ್ಲ ಪ್ರಯೋಗಗಳ ನಂತರ ಬಂದದ್ದು 2000ದ ಫೆಬ್ರವರಿಯ ‘ದಿ ಸಿಮ್ಸ್’. ಅದನ್ನು ರೂಪಿಸಿದ ವಿಲ್ ರೈಟ್ ಆಗಲೇ ‘ಸಿಮ್‌ಸಿಟಿ’ಯಿಂದ ಹೆಸರಾಗಿದ್ದವರು. 1991ರ ಓಕ್ಲೆಂಡ್ ಕಾಳ್ಗಿಚ್ಚಿನಲ್ಲಿ ಅವರ ಮನೆ ಸುಟ್ಟುಹೋಯಿತು. ಪಾತ್ರೆ ಪಡಗದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕೂಡಿಸುವಾಗ, ಮನುಷ್ಯನಿಗೆ ನಿಜವಾಗಿ ಬೇಕಾದ್ದೇನು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಆ ಪ್ರಶ್ನೆಯಿಂದ ಹುಟ್ಟಿದ, ಗೊಂಬೆಮನೆಯಂಥ ಈ ಆಟ ಯಾರಿಗೆ ಬೇಕು ಎಂದು ಮ್ಯಾಕ್ಸಿಸ್ ಕಂಪನಿಯ ಆಡಳಿತ ಮಂಡಳಿ ಮೂಗು ಮುರಿದಿತ್ತು. 1997ರಲ್ಲಿ ಮ್ಯಾಕ್ಸಿಸ್ ಎಲೆಕ್ಟ್ರಾನಿಕ್ ಆರ್ಟ್ಸ್ ಕೈಸೇರಿದ ಮೇಲೆ ಯೋಜನೆಗೆ ಬಲ ಬಂತು.

ಆ ಆಟದ ಒಳಗಿನ ಯುಕ್ತಿ ಬಹಳ ಸೊಗಸಾದದ್ದು. ಪ್ರತಿ ಸಿಮ್‌ಗೆ, ಅಂದರೆ ಆಟದ ಪ್ರತಿ ಪಾತ್ರಕ್ಕೆ, ಎಂಟು ಅಗತ್ಯಗಳು: ಹಸಿವು, ಹಾಯಾಗಿರುವುದು, ಶುಚಿ, ಶೌಚ, ಚೈತನ್ಯ, ಮೋಜು, ಒಡನಾಟ, ಇರುವ ಕೋಣೆಯ ಅಂದ. ಬುದ್ಧಿಯೆಲ್ಲ ಸಿಮ್ ತಲೆಯಲ್ಲೇ ಇಲ್ಲ, ಸಾಮಾನುಗಳಲ್ಲೂ ಇದೆ. ಫ್ರಿಜ್ ಸುತ್ತಲಿನವರಿಗೆ ‘ನನ್ನ ಬಳಿ ಬಂದರೆ ಹಸಿವು ತೀರುತ್ತದೆ’ ಎಂದು ಸಾರುತ್ತಿರುತ್ತದೆ, ಸೋಫಾ ‘ಇಲ್ಲಿ ಕೂರು’ ಎನ್ನುತ್ತದೆ. ಆ ಗಳಿಗೆಗೆ ತನಗೆ ಬೇಕಾದ ಕರೆಗೆ ಸಿಮ್ ಓಗೊಡುತ್ತದೆ. ಅದರ ಮೇಲೆ ಸ್ವಭಾವದ ಲೇಪ: ಅಚ್ಚುಕಟ್ಟಿನವಳು ಬೇರೆಯವರು ಬಿಟ್ಟ ತಟ್ಟೆಯನ್ನೂ ಎತ್ತಿಡುತ್ತಾಳೆ, ಸೋಮಾರಿ ತಟ್ಟೆಯನ್ನು ನೆಲದ ಮೇಲೆ ಬಿಟ್ಟು ಟಿವಿ ಮುಂದೆ ಕೂರುತ್ತಾನೆ. ನೋಡುವವರಿಗೆ ಇದು ಲೆಕ್ಕಾಚಾರ ಎನಿಸುವುದೇ ಇಲ್ಲ, ಸ್ವಂತ ಮನಸ್ಸು ಎನಿಸುತ್ತದೆ. ಸಿಮ್‌ಗಳು ಆಡುವ ‘ಸಿಮ್ಲಿಶ್’ ಯಾವ ದೇಶದ ಭಾಷೆಯೂ ಅಲ್ಲದ್ದರಿಂದ, ಅವರ ಜಗಳ ಕ್ಯಾಲಿಫೋರ್ನಿಯಾದ ಹುಡುಗನಿಗೆ ಅರ್ಥವಾದಷ್ಟೇ ಕಲಬುರಗಿಯ ಹುಡುಗಿಗೂ ಅರ್ಥವಾಗುತ್ತದೆ.

ಒಂದು ದೊಡ್ಡ ಕೊರತೆ ಮಾತ್ರ ಇತ್ತು: ಮಕ್ಕಳು ಎಂದಿಗೂ ದೊಡ್ಡವರಾಗುತ್ತಿರಲಿಲ್ಲ. 2004ರ ‘ದಿ ಸಿಮ್ಸ್ 2’ ಅದನ್ನು ನೀಗಿಸಿತು, ಮತ್ತು ನನ್ನ ದೃಷ್ಟಿಯಲ್ಲಿ ಈ ಪ್ರಕಾರದ ಶಿಖರವಾಯಿತು. ಕೂಸು ಅಂಬೆಗಾಲಿಟ್ಟು, ಶಾಲೆಗೆ ಹೋಗಿ, ಹರೆಯಕ್ಕೆ ಬಂದು, ಮುಪ್ಪಾಗಿ ತೀರಿಕೊಳ್ಳುತ್ತದೆ. ಅಜ್ಜಿಯ ಮೂಗು ಮೊಮ್ಮಗಳಿಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಿಮ್‌ಗಳಿಗೆ ನೆನಪು ಬಂತು: ಮೊದಲ ಮುತ್ತು, ಮದುವೆ, ಸಂಗಾತಿಯ ದ್ರೋಹ, ಮನೆಯವರ ಸಾವು. ಜೊತೆಗೆ ಬಯಕೆ ಮತ್ತು ಭಯ. ಒಬ್ಬಳಿಗೆ ಹತ್ತು ಮಕ್ಕಳ ಆಸೆ, ಇನ್ನೊಬ್ಬನಿಗೆ ಮದುವೆಯೆಂದರೇ ದಿಗಿಲು. ಆಡುವವರು ಅದನ್ನು ಈಡೇರಿಸಬಹುದು, ಕಡೆಗಣಿಸಬಹುದು, ಆದರೆ ಆ ಬಯಕೆ ಸಿಮ್‌ಗಳದೇ.

2009ರ ಮೂರನೆಯ ಆವೃತ್ತಿ ಇಡೀ ಊರನ್ನು ತೆರೆದಿಟ್ಟಿತು. ನಾವು ನೋಡದಿದ್ದಾಗಲೂ ನೆರೆಮನೆಯವರು ಮದುವೆಯಾಗಿ ಮಕ್ಕಳನ್ನು ಹೆರುತ್ತಿದ್ದರು. 2014ರ ನಾಲ್ಕನೆಯದು ಭಾವನೆಗಳನ್ನು ತಂದಿತು, ದುಃಖದಲ್ಲಿರುವ ಸಿಮ್ ದುಃಖದ ಚಿತ್ರ ಬರೆಯುತ್ತದೆ. ಆದರೆ ಬಿಡುಗಡೆಯ ದಿನ ಅದರಲ್ಲಿ ಈಜುಕೊಳವಿರಲಿಲ್ಲ, ಅಂಬೆಗಾಲಿನ ಮಕ್ಕಳೂ ಇರಲಿಲ್ಲ. ಆ ಮಕ್ಕಳಿಗಾಗಿ 2017ರ ಜನವರಿಯವರೆಗೆ ಕಾಯಬೇಕಾಯಿತು. ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಈ ನಡುವೆ ಜಪಾನಿನ ಹಾದಿಯೂ ಬೆಳೆಯಿತು. ಕಾತ್ಸುಯಾ ಎಗುಚಿ ಚಿಬಾ ಬಿಟ್ಟು ಕ್ಯೋಟೋಗೆ ಬಂದಾಗ ಕಾಡಿದ ಮನೆಮಂದಿಯ ಹಂಬಲವೇ ಅವರು ರೂಪಿಸಿದ 2001ರ ‘ಅನಿಮಲ್ ಕ್ರಾಸಿಂಗ್’ಗೆ ಬೀಜ. ಅದರ ಗಡಿಯಾರ ನಮ್ಮ ಗಡಿಯಾರದೊಂದಿಗೇ ನಡೆಯುತ್ತದೆ. ಕೆಲವು ವಾರ ಹೋಗದಿದ್ದರೆ ಕಳೆ ಬೆಳೆದಿರುತ್ತದೆ. 2020ರ ಮಾರ್ಚ್‌ನಲ್ಲಿ, ಜಗತ್ತೇ ಬಾಗಿಲು ಹಾಕಿಕೊಂಡ ದಿನಗಳಲ್ಲಿ ಬಂದ ‘ನ್ಯೂ ಹೊರೈಜನ್ಸ್’ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಹಾರ್ವೆಸ್ಟ್ ಮೂನ್ ಅಭಿಮಾನಿ ಎರಿಕ್ ಬರೋನ್ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬರೇ ಮಾಡಿ, ನಾಲ್ಕು ವರ್ಷಕ್ಕೂ ಹೆಚ್ಚು ದುಡಿದು 2016ರಲ್ಲಿ ‘ಸ್ಟಾರ್ಡ್ಯೂ ವ್ಯಾಲಿ’ ಹೊರತಂದರು. ಅಲ್ಲಿ ಬುಧವಾರ ಬಿತ್ತನೆ ಬೀಜಕ್ಕೆಂದು ಹೋದರೆ ಪಿಯರ್ ಅಂಗಡಿಗೆ ಬೀಗ! ಊರು ತನ್ನ ಕ್ರಮ ಬದಲಿಸದು, ನಾವೇ ಹೊಂದಿಕೊಳ್ಳಬೇಕು.

ಭಾರತದ ಅನೇಕರು ಇಂಥ ಆಟದ ರುಚಿ ಕಂಡದ್ದು ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಬಂದ ‘ಫಾರ್ಮ್‌ವಿಲ್’ ಮೂಲಕ. ಅದರ ಒಡೆಯ ಝಿಂಗಾ ಮರುವರ್ಷವೇ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಬೆಳೆ ಬಾಡೀತೆಂಬ ಆತಂಕ ಜನರನ್ನು ದಿನವೂ ಎಳೆದು ತರುತ್ತಿತ್ತು, ಆದರೆ ಆ ಹೊಲದಲ್ಲಿ ಸ್ವಂತ ಮನಸ್ಸಿನ ಒಂದು ಜೀವವೂ ಇರಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು.

2025ರಲ್ಲಿ ಕೊರಿಯಾದ ‘ಇನ್‌ಝೋಯ್’ ಫೋಟೋದಂಥ ಮುಖಗಳೊಂದಿಗೆ ಬಂದಿದೆ. ಚೆಲುವು ಸಾಲದು, ಆ ಮುಖಗಳ ಹಿಂದೆ ಬಯಕೆ, ನೆನಪು, ಹಟ ಬೇಕು. ಹೊಸದಾಗಿ ಆಡಲು ಹೊರಡುವವರಿಗೆ ನನ್ನ ಸಲಹೆ ಇಷ್ಟೆ: ಇಪ್ಪತ್ತೈದನೆಯ ವರ್ಷದ ನೆಪದಲ್ಲಿ ಸಿಮ್ಸ್‌ನ ಮೊದಲೆರಡು ಆವೃತ್ತಿಗಳು 2025ರ ಜನವರಿಯಲ್ಲಿ ಮತ್ತೆ ಮಾರಾಟಕ್ಕೆ ಬಂದಿವೆ. ಎರಡನೆಯದನ್ನು ಕೊಳ್ಳಿ, ಒಂದು ಸಂಸಾರ ಹೂಡಿಕೊಟ್ಟು, ಒಂದಿಷ್ಟು ಹೊತ್ತು ಮೌಸ್ ಮುಟ್ಟದೆ ನೋಡಿ.