ನೆರೆಕೂಟ ಮತ್ತು ಊಟದ ಎಲೆ: ಕೇರಳದಲ್ಲಿ ತೂಕ ಇಳಿಕೆಯ ಸಾಮುದಾಯಿಕ ಪ್ರಯತ್ನಗಳ ಒಂದು ಪರಿಶೀಲನೆ

ಕೇರಳದ ಬಹುಪಾಲು ಮನೆಗಳಲ್ಲಿ ಹೊಟ್ಟೆ ತುಂಬುವ ಚಿಂತೆ ಹಿಂದೆ ಸರಿದು ಎಷ್ಟು ಉಣ್ಣಬೇಕೆಂಬ ಚಿಂತೆ ಮುಂದೆ ಬಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಅಲ್ಲಿನ ಶೇ. 32.4ರಷ್ಟು ಮಹಿಳೆಯರ ದೇಹತೂಕ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಐದನೆಯ ಸುತ್ತಿನ ಹೊತ್ತಿಗೆ (2019–21) ಅದು ಶೇ. 38.1ಕ್ಕೆ ಏರಿತು. ಗಂಡಸರಲ್ಲಿ ಶೇ. 28.5 ಇದ್ದದ್ದು 36.4 ಆಯಿತು. ಅದೇ ಸುತ್ತಿನಲ್ಲಿ ಕರ್ನಾಟಕದ ಪ್ರಮಾಣ ಹೆಂಗಸರು ಗಂಡಸರಿಬ್ಬರಲ್ಲೂ ಶೇ. 30ರ ಆಸುಪಾಸಿನಲ್ಲಿತ್ತು. ಇದಕ್ಕೂ ಮೊದಲೇ, 2006ರಲ್ಲಿ, ಕೊಚ್ಚಿಯ ಅಮೃತಾ ಸಂಸ್ಥೆಯ ವೈದ್ಯರು ಎರ್ನಾಕುಲಂ ಜಿಲ್ಲೆಯ 3,069 ಜನರ ಸಮೀಕ್ಷೆಯನ್ನು ಪ್ರಕಟಿಸಿದ್ದರು. ಅವರಲ್ಲಿ ಶೇ. 19.5 ಮಂದಿಗೆ ಮಧುಮೇಹವಿತ್ತು, ಆ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಪರೀಕ್ಷೆಯ ದಿನದವರೆಗೂ ಅದರ ಸುಳಿವಿರಲಿಲ್ಲ.

ಈ ಪರಿಸ್ಥಿತಿಗೆ ಸರ್ಕಾರ ಕೊಟ್ಟ ಒಂದು ಉತ್ತರ ಬಹಳ ಸುದ್ದಿಯಾಯಿತು. 2016ರ ಜುಲೈ ಬಜೆಟ್ಟಿನಲ್ಲಿ ಹಣಕಾಸು ಸಚಿವ ಥಾಮಸ್ ಐಸಾಕ್ ಅವರು ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾ ಮುಂತಾದವುಗಳ ಮೇಲೆ ಶೇ. 14.5 ‘ಕೊಬ್ಬಿನ ತೆರಿಗೆ’ ಘೋಷಿಸಿದರು. ಮರುವರ್ಷ ಜಿಎಸ್‌ಟಿ ಬಂದು ಅದು ಅದರೊಳಗೆ ಕರಗಿಹೋಯಿತು. ಆ ತೆರಿಗೆಯ ಗುರಿಯೇ ಕಿರಿದಾಗಿತ್ತೆಂದು ನನ್ನ ಅಭಿಪ್ರಾಯ. ಮಲಯಾಳಿ ಮನೆಯ ಹೆಚ್ಚುವರಿ ಶಕ್ತಿ ಬರುವುದು ಮುಖ್ಯವಾಗಿ ಮೂರು ಹೊತ್ತಿನ ಅಕ್ಕಿ, ಮರಗೆಣಸು, ಸಂಜೆ ನಾಲ್ಕರ ಚಹಾದ ಜೊತೆಗಿನ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಸಕ್ಕರೆ ಮತ್ತು ಎಣ್ಣೆಯಿಂದ. ಇವೆಲ್ಲ ಪ್ರೀತಿಯಿಂದ ಬಡಿಸುವ ತಿನಿಸುಗಳು, ತೆರಿಗೆಗೆ ಸಿಗುವಂಥವಲ್ಲ. ಹಾಗಾಗಿ ಬದಲಾವಣೆ ಬಡಿಸುವ ಕೈ ಮತ್ತು ಉಣ್ಣುವ ಜನ ಸೇರಿ ಮಾಡಿಕೊಳ್ಳುವ ಒಪ್ಪಂದದಿಂದಲೇ ಬರಬೇಕು. ಅಂಥ ಒಪ್ಪಂದವನ್ನು ಕಟ್ಟಿಕೊಡಬಲ್ಲ ನೆರೆಹೊರೆಯ ಗುಂಪು ಹೇಗಿರಬೇಕು, ಅದರ ಯಶಸ್ಸನ್ನು ಯಾವುದರಿಂದ ಅಳೆಯಬೇಕು ಎಂಬುದು ಈ ಲೇಖನದ ವಿಷಯ.

ಇದಕ್ಕೆ ನಮ್ಮಲ್ಲಿರುವ ಅತ್ಯುತ್ತಮ ಪುರಾವೆ ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲೂಕಿನದು. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೇನೋನ್ ಕೇಂದ್ರದ ಕೆ.ಆರ್. ತಂಗಪ್ಪನ್ ಮತ್ತು ಅವರ ಸಂಗಡಿಗರು ಆಸ್ಟ್ರೇಲಿಯಾದ ಸಂಶೋಧಕರ ಜೊತೆಗೂಡಿ ನಡೆಸಿದ ‘ಕೇರಳ ಮಧುಮೇಹ ತಡೆ ಕಾರ್ಯಕ್ರಮ’ದ ಫಲಿತಾಂಶ 2018ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 60 ಮತಗಟ್ಟೆ ಪ್ರದೇಶಗಳಿಂದ 30ರಿಂದ 60 ವಯಸ್ಸಿನ, ಇನ್ನೂ ಮಧುಮೇಹ ಬಾರದ ಆದರೆ ಬರುವ ಅಪಾಯ ಹೆಚ್ಚಿರುವ 1,007 ಜನರನ್ನು ಆಯ್ದುಕೊಳ್ಳಲಾಯಿತು. ಅರ್ಧದಷ್ಟು ಪ್ರದೇಶಗಳಲ್ಲಿ ಆಹಾರ, ವ್ಯಾಯಾಮದ ಸಲಹೆಯಿರುವ ಒಂದು ಕಿರುಪುಸ್ತಕ ಕೊಟ್ಟು ಬಿಟ್ಟರು. ಉಳಿದವುಗಳಲ್ಲಿ ಗುಂಪು ಕಟ್ಟಿದರು.

ಗುಂಪಿನ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ವರ್ಷದುದ್ದಕ್ಕೂ 15 ಸಭೆಗಳು. ಪರಿಣತರು ಬಂದು ತಿಳಿಹೇಳಿದ್ದು ಆರಂಭದ ಕೆಲವು ಸಭೆಗಳಲ್ಲಿ ಮಾತ್ರ. ಉಳಿದದ್ದನ್ನು ನಡೆಸಿದವರು ಗುಂಪು ತನ್ನೊಳಗಿನಿಂದಲೇ ಆರಿಸಿಕೊಂಡು ತರಬೇತಿಗೆ ಕಳಿಸಿದ ಮುಂದಾಳುಗಳು. ಸಭೆಯ ಆಚೆಗೆ ಕೈತೋಟ, ಯೋಗ, ಒಟ್ಟಾಗಿ ನಡೆಯುವ ರೂಢಿ ಬೆಳೆದವು. ಅಂದರೆ ಇಲ್ಲಿ ಬುದ್ಧಿ ಹೇಳುವವರಿಗೂ ಅದೇ ಹಿರಿದಾದ ಸೊಂಟ, ಮನೆಯಲ್ಲಿ ಅದೇ ಮೀನು ಸಾರು, ಮುಂದಿನ ವಾರ ಅದೇ ಮದುವೆಯ ಊಟ. ವೈದ್ಯರ ಕೊಠಡಿಯಲ್ಲಿ ‘ಅನ್ನ ಕಮ್ಮಿ ಮಾಡಿ’ ಎಂದು ಕೇಳಿಸಿಕೊಂಡವರಿಗೆ ಆ ಕಮ್ಮಿಯನ್ನು ಯಾವ ಸೌಟಿನಲ್ಲಿ ಅಳೆಯುವುದೆಂಬ ಪ್ರಶ್ನೆ ಮನೆಗೆ ಬಂದ ಮೇಲೆ ಏಳುತ್ತದೆ. ಅದಕ್ಕೆ ಉತ್ತರ ಹೇಳಬಲ್ಲವರು ಪಕ್ಕದ ಮನೆಯವರೇ.

ನೆಯ್ಯಾಟ್ಟಿಂಕರದಲ್ಲಿ ಜನರ ಆಯ್ಕೆಗೆ ಬಳಸಿದ ‘ಭಾರತೀಯ ಮಧುಮೇಹ ಅಪಾಯ ಅಂಕ’ ಚೆನ್ನೈಯಲ್ಲಿ ವಿ. ಮೋಹನ್ ಅವರ ತಂಡ 2005ರಲ್ಲಿ ರೂಪಿಸಿದ್ದು. ಒಟ್ಟು 100 ಅಂಕ, 60 ಮುಟ್ಟಿದರೆ ಹೆಚ್ಚಿನ ಅಪಾಯ. ವಯಸ್ಸು 50 ಕಳೆದ, ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದ, ತಂದೆತಾಯಿಯರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇರುವ ಹೆಂಗಸೊಬ್ಬಳನ್ನು ತೆಗೆದುಕೊಳ್ಳಿ. ವಯಸ್ಸಿಗೆ 30, ಸೊಂಟಕ್ಕೆ 20, ಮನೆತನಕ್ಕೆ 10. ದೈಹಿಕ ಚಟುವಟಿಕೆಯನ್ನು ಕೇಳುವ ಮೊದಲೇ ಅವಳು 60 ಮುಟ್ಟಿದ್ದಾಳೆ. ವಯಸ್ಸನ್ನೂ ಹೆತ್ತವರನ್ನೂ ಬದಲಿಸಲಾಗದು. ಅವಳ ಕೈಯಲ್ಲಿ ಉಳಿದದ್ದು ಸೊಂಟ ಮತ್ತು ನಡಿಗೆ, ಎರಡೇ.

ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಎರಡು ವರ್ಷಗಳ ಕೊನೆಗೆ ಕಿರುಪುಸ್ತಕ ಪಡೆದವರಲ್ಲಿ ಶೇ. 17.1 (463ರಲ್ಲಿ 79), ಗುಂಪಿನಲ್ಲಿದ್ದವರಲ್ಲಿ ಶೇ. 14.9 (456ರಲ್ಲಿ 68) ಮಂದಿಗೆ ಮಧುಮೇಹ ಬಂದಿತ್ತು. ಈ ಅಂತರ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ದಿನಕ್ಕೆ ಐದು ಅಥವಾ ಹೆಚ್ಚು ಪಾಲು ಹಣ್ಣು ತರಕಾರಿ ತಿನ್ನುವವರ ಪ್ರಮಾಣ ಗುಂಪುಗಳಲ್ಲಿ 1.83 ಪಟ್ಟಾಗಿತ್ತು. ಮದ್ಯ ಸೇವನೆ ಇಳಿದಿತ್ತು, ಅಪಾಯ ಅಂಕ ತುಸು ತಗ್ಗಿತ್ತು, ಮೈಯಲ್ಲಿ ಓಡಾಡುವ ಶಕ್ತಿ ಸುಧಾರಿಸಿತ್ತು. ಎದ್ದುಕಾಣುವ ಸುಧಾರಣೆಗಳ ಈ ಪಟ್ಟಿಯಲ್ಲಿ ತೂಕ ಇಲ್ಲ.

ಇದನ್ನು ಸೋಲೆಂದು ಬರೆದುಬಿಡುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಇಲ್ಲಿನ ಆಯ್ಕೆ ಅಪಾಯದ ಅಂಕದಿಂದ ನಡೆದಿತ್ತು, ಆದ್ದರಿಂದ ರಕ್ತದ ಸಕ್ಕರೆ ಇನ್ನೂ ಏರದವರೂ ಸೇರಿದ್ದರು. ಅಂಥವರಲ್ಲಿ ಎರಡೇ ವರ್ಷದಲ್ಲಿ ಕಾಯಿಲೆಯ ಅಂತರ ಕಾಣುವುದು ಕಷ್ಟ. 2006ರಲ್ಲಿ ಪ್ರಕಟವಾದ, ಚೆನ್ನೈಯ ಎ. ರಾಮಚಂದ್ರನ್ ಅವರ ‘ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ’ ಸಕ್ಕರೆ ಏರತೊಡಗಿದ್ದ 531 ಜನರನ್ನಷ್ಟೇ ತೆಗೆದುಕೊಂಡಿತ್ತು. ಅಲ್ಲಿ ಮೂರು ವರ್ಷದಲ್ಲಿ, ಸುಮ್ಮನೆ ಬಿಟ್ಟವರಲ್ಲಿ ಶೇ. 55 ಜನರಿಗೆ ಕಾಯಿಲೆ ಬಂದರೆ ಜೀವನಕ್ರಮ ತಿದ್ದಿಕೊಂಡವರಲ್ಲಿ ಅದು 39.3ಕ್ಕೆ ನಿಂತಿತು. ಗಮನಿಸಬೇಕಾದದ್ದೆಂದರೆ, ಆ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಮೆರಿಕದ ಇಂಥದೇ ಅಧ್ಯಯನ ಶೇ. 7 ತೂಕ ಇಳಿಸುವ ಗುರಿ ಹಾಕಿಕೊಂಡಿತ್ತು. ನಮ್ಮವರಲ್ಲಿ ತೂಕದ ಮುಳ್ಳು ಅಲುಗುವ ಮೊದಲೇ ಮೈಯೊಳಗೆ ಒಳ್ಳೆಯದಾಗತೊಡಗಿರುತ್ತದೆ. ಪ್ರತಿ ಸಭೆಯಲ್ಲೂ ಎಲ್ಲರೆದುರು ತೂಕ ನೋಡುವ ಪದ್ಧತಿ ಆ ಒಳಿತನ್ನು ಕಾಣಿಸದೆ, ಇಳಿಯದವರನ್ನು ನಾಚಿಸಿ ಮನೆಗೆ ಕಳಿಸುತ್ತದೆ.

ಜೊತೆಯಿದ್ದರೆ ಪ್ರಯೋಜನವಿದೆ ಎಂಬುದರಲ್ಲಿ ಸಂಶಯವಿಲ್ಲ. ನ್ಯೂಯಾರ್ಕಿನ ಗೃಹಿಣಿ ಜೀನ್ ನಿಡೆಚ್ 1961ರಲ್ಲಿ ಗೆಳತಿಯರನ್ನು ಮನೆಗೆ ಕರೆದು ಆರಂಭಿಸಿದ ತೂಕ ಇಳಿಸುವ ಕೂಟ ಎರಡು ವರ್ಷದಲ್ಲಿ ‘ವೇಟ್ ವಾಚರ್ಸ್’ ಎಂಬ ವ್ಯವಹಾರವಾಯಿತು. 1999ರಲ್ಲಿ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಪ್ರಕಟಿಸಿದ 166 ಜನರ ಅಧ್ಯಯನ ಇನ್ನಷ್ಟು ಹತ್ತಿರದ ಪುರಾವೆ. ಒಬ್ಬೊಬ್ಬರೇ ಬಂದು ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 76 ಮಂದಿ ಅದನ್ನು ಮುಗಿಸಿದರು, ಇಳಿದ ತೂಕವನ್ನು ಪೂರ್ತಿ ಉಳಿಸಿಕೊಂಡವರು ಶೇ. 24. ಸ್ನೇಹಿತರ ಜೊತೆ ಬಂದು ಪರಸ್ಪರ ಆಸರೆಯ ಪಾಠವನ್ನೂ ಕಲಿತವರಲ್ಲಿ ಮುಗಿಸಿದವರು ಶೇ. 95, ಉಳಿಸಿಕೊಂಡವರು ಶೇ. 66. ಕೊಚ್ಚಿಯ ಮರೀನ್ ಡ್ರೈವ್, ಸುಭಾಷ್ ಪಾರ್ಕ್, ತಿರುವನಂತಪುರದ ಮ್ಯೂಸಿಯಂ ಆವರಣಗಳಲ್ಲಿ ಬೆಳಗಿನ ಜಾವ ಗುಂಪುಗುಂಪಾಗಿ ನಡೆಯುವವರು ಯಾವ ಅಧ್ಯಯನವನ್ನೂ ಓದದೆ ಇದನ್ನು ಬಲ್ಲರು. ನಡಿಗೆ ಮುಗಿಸಿ ಅವರು ಚಹಾ ಅಂಗಡಿಯ ಮುಂದೆ ನಿಂತು ಹರಟುವುದನ್ನು ಕೆಲವು ವೈದ್ಯರು ಆಕ್ಷೇಪಿಸುತ್ತಾರೆ. ನನ್ನ ಮಟ್ಟಿಗೆ ಆ ಹರಟೆ ಕಾಪಾಡಿಕೊಳ್ಳಬೇಕಾದದ್ದು. ಮಾರನೆಯ ದಿನ ಮಳೆಯಲ್ಲೂ ಅವರನ್ನು ಹೊರಗೆಳೆಯುವುದು ಅದೇ.

ರುಚಿಯ ಪ್ರಶ್ನೆಗೆ ಬರೋಣ. ಕೇರಳದ ಅಡುಗೆಯಲ್ಲಿ ತೂಕಕ್ಕೆ ಹಿತವಾದದ್ದು ಹೊರಗಿನಿಂದ ಬರಬೇಕಾಗಿಲ್ಲ. ಅವಿಯಲ್ ಮಾಡುವ ಕ್ರಮವನ್ನೇ ನೋಡಿ. ಸುವರ್ಣಗೆಡ್ಡೆ, ಬಾಳೆಕಾಯಿ, ಬೂದುಗುಂಬಳ, ನುಗ್ಗೆ, ಅಲಸಂದೆಗಳನ್ನು ಬೆರಳುದ್ದ ಹೆಚ್ಚಿ, ಅರಿಸಿನ ಉಪ್ಪು ಹಾಕಿ, ಕೈಯಳತೆಯ ನೀರಲ್ಲಿ ಮುಚ್ಚಿ ಬೇಯಿಸುತ್ತಾರೆ. ತೆಂಗಿನಕಾಯಿ, ಹಸಿಮೆಣಸು, ಜೀರಿಗೆಯನ್ನು ತರಿತರಿಯಾಗಿ ಅರೆದು ಸೇರಿಸಿ, ಮೊಸರು ಬೆರೆಸಿ ಇಳಿಸುತ್ತಾರೆ. ಎಣ್ಣೆ ಬೀಳುವುದು ಕೊನೆಗೆ: ಕರಿಬೇವನ್ನು ಹಿಸುಕಿ ಹಾಕಿ, ಮೇಲೆ ಕಾಯಿಸದ ತೆಂಗಿನೆಣ್ಣೆಯನ್ನು ಸುತ್ತ ಹನಿಸಿ ಮುಚ್ಚಿಡುತ್ತಾರೆ. ಒಂದು ಚಮಚ ಎಣ್ಣೆಯ ಪರಿಮಳ ಪಾತ್ರೆಗೆಲ್ಲ ಹರಡುತ್ತದೆ. ಇದೇ ಎಣ್ಣೆ ಬಾಣಲೆಯಲ್ಲಿ ಮೊದಲೇ ಕಾದು ತರಕಾರಿಯನ್ನು ಹುರಿದಿದ್ದರೆ ಮೂರು ಚಮಚ ಹಿಡಿದೂ ಇಷ್ಟು ಘಮ ಬರುತ್ತಿರಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ, ನೂರು ಗ್ರಾಂ ಬೇಯಿಸಿದ ಅನ್ನಕ್ಕೆ ಹತ್ತಿರ ಹತ್ತಿರ ಸಮ.

ಕುತ್ತು ಇರುವುದು ಪ್ರಮಾಣದಲ್ಲಿ. ಸದ್ಯದ ಎಲೆಯ ಮೇಲೆ ತೋರನ್, ಓಲನ್, ಅವಿಯಲ್‌ನಂಥ ತರಕಾರಿ ಪದಾರ್ಥಗಳು ತುದಿಯಲ್ಲಿ ಬೆರಳಲ್ಲಿ ಎತ್ತುವಷ್ಟಿರುತ್ತವೆ, ನಡುವೆ ಅನ್ನದ ರಾಶಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಧಾನ್ಯದಿಂದ ಬರುವ ಶಕ್ತಿ ಶೇ. 45 ಮೀರಬಾರದು, ತಟ್ಟೆಯ ಅರ್ಧ ತರಕಾರಿ ಹಣ್ಣುಗಳಿರಲಿ ಎನ್ನುತ್ತದೆ. ಅದೇ ಎಲೆಯಲ್ಲಿ ರಾಶಿ ಮತ್ತು ತುದಿಯ ಜಾಗ ಅದಲುಬದಲಾದರೆ ಮಾರ್ಗಸೂಚಿ ಪಾಲನೆಯಾಗುತ್ತದೆ, ಒಂದು ಬಗೆಯೂ ಬಿಟ್ಟುಹೋಗುವುದಿಲ್ಲ. ಕೇರಳದ ಕೆಂಪು ಮಟ್ಟ ಅಕ್ಕಿ, ನಮ್ಮ ಕರಾವಳಿಯ ಕುಚ್ಚಲಕ್ಕಿಯಂತೆ, ಪಾಲಿಶ್ ಕಡಿಮೆಯಾದ್ದರಿಂದ ಒಳ್ಳೆಯದು ನಿಜ. ಆದರೆ ಅನ್ನ ಕೆಂಪಗಿದೆಯೆಂದು ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಆ ಒಳಿತು ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಅಡುಗೆ ಮಾಡುವವರು ಯಾರೆಂಬುದು ನಿರ್ಣಾಯಕ. 1998ರ ಮೇ 17ರಂದು ಮಲಪ್ಪುರಂನಲ್ಲಿ ಉದ್ಘಾಟನೆಯಾದ ‘ಕುಟುಂಬಶ್ರೀ’ ಎಂಬ ಸರ್ಕಾರಿ ಮಹಿಳಾ ಯೋಜನೆಯ ಅಯಲ್ಕೂಟಂಗಳು, ಅಂದರೆ ಮನೆಗೊಬ್ಬರಂತೆ ಹತ್ತಿಪ್ಪತ್ತು ಹೆಂಗಸರ ನೆರೆಕೂಟಗಳು, ಈಗ ರಾಜ್ಯದ ಎಲ್ಲ ಪಂಚಾಯತಿಗಳಲ್ಲಿವೆ. ನೆಯ್ಯಾಟ್ಟಿಂಕರದ ಕಾರ್ಯಕ್ರಮವನ್ನು ಆಮೇಲೆ ವಿಸ್ತರಿಸಿದ್ದೂ ಇವುಗಳ ಮೂಲಕವೇ. ಉಳಿತಾಯದ ಲೆಕ್ಕಕ್ಕಾಗಿ ಹೇಗೂ ಸೇರುವ ಜನ, ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ಗೊತ್ತಿರುವ ಸಲಿಗೆ. ಹೊಸದಾಗಿ ಗುಂಪು ಕಟ್ಟುವ ಖರ್ಚಿಲ್ಲ. ಆದರೆ ಒಂದು ಕೊರತೆ ನನ್ನನ್ನು ಕಾಡುತ್ತದೆ: ಈ ಕೂಟಗಳಲ್ಲಿ ಗಂಡಸರಿಲ್ಲ. ನೆಯ್ಯಾಟ್ಟಿಂಕರದ ಮೂಲ ಗುಂಪುಗಳಲ್ಲಿ ಗಂಡಸರೇ ತುಸು ಹೆಚ್ಚಿದ್ದರು, ಮದ್ಯ ಇಳಿದದ್ದು ಅಂಥ ಗುಂಪುಗಳಲ್ಲಿ. ನೆರೆಕೂಟದಲ್ಲಿ ಕಲಿತು ಬಂದ ಹೆಂಗಸು ಅನ್ನದ ಸೌಟು ತಗ್ಗಿಸಿದಾಗ ಮನೆಯ ಗಂಡಸು ‘ಇದೇನು, ಪಥ್ಯವೇ?’ ಎಂದು ಮುಖ ಗಂಟಿಕ್ಕಿದರೆ ಅವಳ ಪರ ಮಾತಾಡಲು ಊಟದ ಹೊತ್ತಿಗೆ ಗುಂಪು ಅಲ್ಲಿರುವುದಿಲ್ಲ. ಅವಳೇ ಮೊದಲಿನಂತೆ ಎಲ್ಲರಿಗೂ ಬಡಿಸಿ, ತಾನೊಬ್ಬಳು ಅರೆಹೊಟ್ಟೆ ಉಂಡು ತೂಕ ಇಳಿಸಿಕೊಂಡರೆ ಅದನ್ನು ಆರೋಗ್ಯವೆಂದು ಕರೆಯಲು ನಾನು ಒಪ್ಪಲಾರೆ. ವರ್ಷಕ್ಕೆ ನಾಲ್ಕು ಸಭೆಗಳಾದರೂ ಗಂಡ, ಅತ್ತೆ, ಬೆಳೆದ ಮಕ್ಕಳು ಬಂದು ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ಸಭೆಗಳಾಗಬೇಕು.

ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ, ತುಳು ಮನೆಗಳ ಹೆಂಗಸರೂ ಇದೇ ಕುಟುಂಬಶ್ರೀಯ ಸದಸ್ಯರು. ಅವರ ಎಲೆಯಲ್ಲಿ ಅವಿಯಲ್ ಬದಲು ಬಸಳೆ ಕೊದ್ದೆಲ್, ಹುರುಳಿ ಸಾರು, ಬೂತಾಯಿ ಗಸಿ ಇರುತ್ತವೆ. ತಿರುವನಂತಪುರದ ಪಾಠವನ್ನು ಅಲ್ಲಿಗೆ ಒಯ್ಯುವವರು ಈ ಅಡುಗೆಗಳಿಂದಲೇ ತೊಡಗಬೇಕು. ಮುಂದಿನ ಅಧ್ಯಯನ ತೂಕದ ಜೊತೆಗೆ ಮೂರು ಸಂಗತಿಗಳನ್ನಾದರೂ ಬರೆದಿಟ್ಟುಕೊಳ್ಳಲಿ: ತಿಂಗಳಿಗೆ ಮನೆಗೆ ಬಂದ ಎಣ್ಣೆ ಮತ್ತು ಸಕ್ಕರೆ ಎಷ್ಟು, ಎಲೆಯಲ್ಲಿ ಅನ್ನಕ್ಕೆ ಪಲ್ಯದ ಪ್ರಮಾಣ ಎಷ್ಟು, ಅಡುಗೆ ಮಾಡಿದವಳು ಎಲ್ಲರ ಜೊತೆ ಕೂತು ಉಂಡಳೇ ಅಥವಾ ಉಳಿದದ್ದನ್ನು ಉಂಡಳೇ.