ಗಾಳಿಗೆ ನಿಂತ ಗುಡಾರಗಳು

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಪತ್ರ ಬರೆದು, ಡಿಸೆಂಬರ್ ರಜೆಯಲ್ಲಿ ಮನೆಮಂದಿಯೊಡನೆ ಗೋಕರ್ಣದ ಆಚೆಯ ಕಡಲತೀರದಲ್ಲಿ ಎರಡು ರಾತ್ರಿ ಗುಡಾರ ಹೂಡಿ ಇರಬೇಕೆಂದಿದ್ದೇವೆ, ಗಾಳಿಗೂ ಮಳೆಗೂ ತಾಳುವ ಗುಡಾರವನ್ನು ಹೇಗೆ ಆರಿಸಬೇಕು, ಸರ್, ಎಂದು ಕೇಳಿದ್ದಾರೆ. ಇತಿಹಾಸದ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇ ಇದು ಎಂದು ಕೆಲವರಿಗೆ ಅನ್ನಿಸೀತು. ಆದರೆ ಗುಡಾರಕ್ಕೂ ಗಾಳಿಗೂ ನಡೆದ ಹೋರಾಟಕ್ಕೆ ದೊಡ್ಡ ಇತಿಹಾಸವೇ ಉಂಟು. ಅದರಲ್ಲಿ ಗೆದ್ದ ಪ್ರಸಂಗಗಳಿಗಿಂತ ಸೋತ ಪ್ರಸಂಗಗಳಿಂದಲೇ ಮನುಷ್ಯನು ಹೆಚ್ಚು ಕಲಿತಿದ್ದಾನೆ. ಆದ್ದರಿಂದ ಅವರಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಕರಾವಳಿಯ ನಮ್ಮ ಹಿರಿಯರು ಈ ಸಮಸ್ಯೆಯನ್ನು ಬಹಳ ಸರಳವಾಗಿ ಬಗೆಹರಿಸಿದ್ದರು. ಯಕ್ಷಗಾನದ ಮೇಳಗಳು ವೃಷಭ ಮಾಸದ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಡೇರೆ ಮೇಳಗಳ ಡೇರೆಯೂ ಆಗಲೇ ಸುತ್ತಿ ಮೂಲೆ ಸೇರುತ್ತಿತ್ತು. ಮುಂಗಾರಿನ ಗಾಳಿಯೊಡನೆ ಸೆಣಸುವ ಹಂಬಲ ಯಾವ ಮೇಳದ ಯಜಮಾನರಿಗೂ ಇರಲಿಲ್ಲ. ಕಾಲವನ್ನು ಆರಿಸಿಕೊಂಡವನಿಗೆ ಗುಡಾರದ ಆಯ್ಕೆ ಅರ್ಧ ಸುಲಭವಾಗುತ್ತದೆ. ಕಾಲವನ್ನು ಆರಿಸಿಕೊಳ್ಳಲಾಗದೆ ಗಾಳಿಗೆ ಸಿಕ್ಕವರ ಕಥೆಯೇ ಬೇರೆ.

ಅರಬ್ಬೀ ಮರುಭೂಮಿಯ ಬೆದುಯಿನ್ ಜನರು ಅಂಥವರು. ಅವರ ಮನೆಯೇ ಗುಡಾರ. ಆಡಿನ ಕಪ್ಪು ಕೂದಲಿನಿಂದ ನೇಯ್ದ ಆ ಬಟ್ಟೆ ಒಣಗಿರುವಾಗ ಸಡಿಲವಾಗಿದ್ದು ಗಾಳಿಯಾಡಲು ಬಿಡುತ್ತದೆ. ಮಳೆ ಬಿದ್ದೊಡನೆ ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಅದರ ಆಕಾರವನ್ನು ಗಮನಿಸಿ. ಎತ್ತರ ಕಡಿಮೆ, ಹರವು ಹೆಚ್ಚು, ಹಗ್ಗಗಳು ಬಲು ಉದ್ದ. ಬೆನ್ನನ್ನು ಗಾಳಿಗೆ ಕೊಟ್ಟು ಮಲಗಿದ ಒಂಟೆಯಂತೆ ಅದು ನೆಲಕ್ಕೆ ಅಂಟಿಕೊಂಡಿರುತ್ತದೆ. ರಾಜಮಹಾರಾಜರ ಡೇರೆಗಳ ಮಾತು ಬೇರೆ. ಟಿಪ್ಪು ಸುಲ್ತಾನನದೆಂದು ಹೆಸರಾದ ಹೂಬಳ್ಳಿಯ ಚೀಟಿ ಬಟ್ಟೆಯ ಡೇರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರ ವಶವಾಗಿ, ಇಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಕಣ್ಣಿಗೆ ಹಬ್ಬವಾದ ವಸ್ತುವದು, ಆದರೆ ಕಡಲ ಗಾಳಿಗಾಗಿ ಹೊಲಿದದ್ದಲ್ಲ.

ಗುಡಾರವೆಂಬುದು ಸೈನ್ಯದ ಅಳಿವು ಉಳಿವಿನ ಪ್ರಶ್ನೆಯೆಂದು ಯುರೋಪಿಗೆ ಮನದಟ್ಟಾದದ್ದು ಕ್ರಿಮಿಯಾ ಯುದ್ಧದಲ್ಲಿ. ಒಂಬತ್ತನೆಯ ತರಗತಿಯಲ್ಲಿ ಈ ಯುದ್ಧವನ್ನು ನಾವು ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನೊಡನೆ ಎರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದೆವು. 1854ರ ನವೆಂಬರ್ 14ರ ಮುಂಜಾನೆ ಕಪ್ಪು ಸಮುದ್ರದಿಂದ ಎದ್ದ ಚಂಡಮಾರುತವು ಸೆವಾಸ್ತೊಪೋಲಿನ ಮುಂದಿನ ಬಯಲು ಪ್ರಸ್ಥಭೂಮಿಯ ಮೇಲೆ ಬೀಡುಬಿಟ್ಟಿದ್ದ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳ ಮೇಲೆ ಬಂದೆರಗಿತು. ಬ್ರಿಟಿಷ್ ಸೈನಿಕರು ಮಲಗುತ್ತಿದ್ದುದು ಗಂಟೆಯಾಕಾರದ ಗುಡಾರಗಳಲ್ಲಿ. ನಡುವೆ ಒಂದೇ ಕಂಬ, ಸುತ್ತಲೂ ಗೂಟಗಳು. ಮಳೆಯಿಂದ ಮೆತ್ತಗಾಗಿದ್ದ ನೆಲದಲ್ಲಿ ಗೂಟಗಳು ಹಿಡಿತ ಕಳೆದುಕೊಂಡವು. ಒಂದು ಬದಿಯ ಗೂಟ ಕಿತ್ತರೆ ಸಾಕು, ಎಳೆತದ ಸಮತೋಲ ತಪ್ಪಿ ನಡುಗಂಬ ಓಲಾಡುತ್ತದೆ; ಅದು ಬಿತ್ತೆಂದರೆ ಗುಡಾರವೇ ಇಲ್ಲ. ಗಾಯಾಳುಗಳಿದ್ದ ಆಸ್ಪತ್ರೆಯ ಡೇರೆಗಳೂ ಹಾರಿಹೋಗಿ, ರೋಗಿಗಳು ಕೆಸರಿನಲ್ಲಿ ಬಯಲಿಗೆ ಬಿದ್ದರು. ಬಾಲಾಕ್ಲಾವಾ ಬಂದರಿನ ಹೊರಗೆ ಲಂಗರು ಹಾಕಿದ್ದ ಹಡಗುಗಳು ಬಂಡೆಗೆ ಬಡಿದು ಒಡೆದವು. ಸೈನ್ಯಕ್ಕೆಂದು ಚಳಿಗಾಲದ ಉಡುಪು ಹೊತ್ತು ತಂದಿದ್ದ ‘ಪ್ರಿನ್ಸ್’ ಎಂಬ ಹಡಗು ಅವುಗಳಲ್ಲೊಂದು. ಆ ಚಳಿಗಾಲದಲ್ಲಿ ಗುಂಡಿಗಿಂತ ಚಳಿ ಮತ್ತು ಕಾಯಿಲೆಗೆ ಸತ್ತವರೇ ಹೆಚ್ಚು.

ಈ ಅನಾಹುತದಿಂದ ಒಂದು ಒಳಿತೂ ಆಯಿತು. ನೆಪ್ಚೂನ್ ಗ್ರಹ ಎಲ್ಲಿರಬೇಕೆಂದು ಕಾಗದದ ಮೇಲೆಯೇ ಲೆಕ್ಕ ಹಾಕಿ ಹೇಳಿದ ಲೆವೆರಿಯೆ ಎಂಬ ಖಗೋಳ ವಿಜ್ಞಾನಿಯನ್ನು ಫ್ರೆಂಚ್ ಸರಕಾರ ಕರೆದು, ಈ ಬಿರುಗಾಳಿಯನ್ನು ಮುಂಚಿತವಾಗಿ ಅರಿಯಬಹುದಿತ್ತೇ ಎಂದು ಕೇಳಿತು. ಹಲವು ಕಡೆಗಳಿಂದ ವರದಿ ತರಿಸಿ ನೋಡಿದಾಗ, ಬಿರುಗಾಳಿ ಯುರೋಪನ್ನು ದಾಟಿಕೊಂಡೇ ಕಪ್ಪು ಸಮುದ್ರಕ್ಕೆ ಬಂದಿತ್ತೆಂದು ತಿಳಿಯಿತು. ತಂತಿ ಸಂದೇಶ ಗಾಳಿಗಿಂತ ವೇಗವಾಗಿ ಓಡುವುದರಿಂದ ಎಚ್ಚರಿಕೆ ಕೊಡಲು ಸಾಧ್ಯವಿತ್ತು. ಫ್ರಾನ್ಸಿನ ಹವಾಮಾನ ತಂತಿ ಜಾಲ ಹುಟ್ಟಿದ್ದು ಹೀಗೆ. ಇಂದು ನಾವು ಮೊಬೈಲಿನಲ್ಲಿ ನೋಡುವ ಗಾಳಿಯ ಮುನ್ಸೂಚನೆಯ ಹಿಂದೆ ಹಾರಿಹೋದ ಆ ಗುಡಾರಗಳ ಋಣವೂ ಇದೆ.

ಇದಾದ ಎರಡೇ ವರ್ಷಕ್ಕೆ, 1856ರಲ್ಲಿ, ಅಮೆರಿಕದ ಸೇನಾಧಿಕಾರಿ ಸಿಬ್ಲಿ ಎಂಬಾತ ಅಲ್ಲಿನ ಮೂಲನಿವಾಸಿಗಳ ಟೀಪೀ ಗುಡಿಸಿಲನ್ನು ನೋಡಿ ತನ್ನದೊಂದು ಶಂಕುವಿನಾಕಾರದ ಗುಡಾರಕ್ಕೆ ಪೇಟೆಂಟ್ ಪಡೆದ. ಮುಂದೆ ಅಂತರ್ಯುದ್ಧದಲ್ಲಿ ಅವನು ದಕ್ಷಿಣದವರ ಪಕ್ಷ ಸೇರಿದ. ಅವನ ಗುಡಾರವನ್ನು ಉತ್ತರದ ಸೇನೆ ಧಾರಾಳವಾಗಿ ಬಳಸಿತು, ಗೌರವಧನ ಮಾತ್ರ ಅವನ ಕೈ ಸೇರಲಿಲ್ಲ! ಆಲ್ಪ್ಸ್ ಪರ್ವತಗಳಲ್ಲಿ ಎಡ್ವರ್ಡ್ ವಿಂಪರ್ ಮಾಡಿದ ಸುಧಾರಣೆ ಇನ್ನೂ ಮುಖ್ಯವಾದುದು. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ತಂಡದ ನಾಯಕ ಈತನೇ. ನಡುಗಂಬವನ್ನು ಬಿಟ್ಟು ಎರಡೂ ತುದಿಗಳಲ್ಲಿ ಜೋಡಿಗಳುಗಳನ್ನು ಕತ್ತರಿಯಂತೆ ನಿಲ್ಲಿಸಿದ; ನೀರು ಹಿಡಿಯದ ನೆಲಹಾಸನ್ನು ಗೋಡೆಗೇ ಹೊಲಿಸಿದ. ಹೊಲಿದ ನೆಲಹಾಸಿದ್ದರೆ ಗಾಳಿ ಕೆಳಗಿನಿಂದ ನುಗ್ಗಲಾರದು, ಒಳಗೆ ಮಲಗಿದವರ ಭಾರವೇ ಗುಡಾರವನ್ನು ಹಿಡಿದಿಡುತ್ತದೆ. ಕೊಡೆಯನ್ನು ಗಾಳಿ ಮೇಲ್ಮುಖ ಮಾಡುವುದು ಹೊರಗಿನಿಂದ ಬಡಿದಲ್ಲ, ಒಳಹೊಕ್ಕು ಎತ್ತಿ ಎಂಬುದನ್ನು ಜೂನ್ ತಿಂಗಳಲ್ಲಿ ಶಾಲೆಗೆ ನಡೆದುಹೋದ ನಿಮಗಾರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಕಥೆಗೆ ಬರುತ್ತೇನೆ. ದಕ್ಷಿಣ ಧ್ರುವದ ಕಡೆಗೆ ಕ್ಯಾಪ್ಟನ್ ಸ್ಕಾಟ್ ಕೊಂಡೊಯ್ದ ತಂಡದಲ್ಲಿ ವಿಲ್ಸನ್, ಬೋವರ್ಸ್, ಚೆರಿ-ಗರಾರ್ಡ್ ಎಂಬ ಮೂವರಿದ್ದರು. ಬೋವರ್ಸ್ ನಮ್ಮ ದೇಶದ ಕಡಲನ್ನು ಕಂಡವನು. ರಾಯಲ್ ಇಂಡಿಯನ್ ಮೆರೀನ್ ಸೇವೆಯಿಂದ ಬಂದಿದ್ದ. ಎಂಪರರ್ ಪೆಂಗ್ವಿನ್ ಹಕ್ಕಿ ಮೊಟ್ಟೆಯಿಡುವುದು ನಡುಚಳಿಗಾಲದಲ್ಲಿ. ಅದರ ಭ್ರೂಣವನ್ನು ಪರೀಕ್ಷಿಸಿದರೆ ಹಕ್ಕಿಗಳ ವಿಕಾಸದ ಗುಟ್ಟು ತಿಳಿದೀತೆಂದು ವಿಲ್ಸನ್ನನ ನಂಬಿಕೆ. ಆದ್ದರಿಂದ 1911ರ ಜೂನ್ 27ರಂದು, ಸೂರ್ಯನೇ ಹುಟ್ಟದ ಆ ದೀರ್ಘ ರಾತ್ರಿಯಲ್ಲಿ, ಮೂವರೂ ಸ್ಲೆಡ್ಜ್ ಎಳೆದುಕೊಂಡು ಕೇಪ್ ಕ್ರೋಜಿಯರ್ ಎಂಬ ಕಡಲಂಚಿಗೆ ಹೊರಟರು. ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿಗೆ ಹತ್ತೊಂಬತ್ತು ದಿನ ಹಿಡಿಯಿತು. ಒಂದು ದಿನ ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ಬೆವರೇ ಮಂಜುಗಟ್ಟಿ ಬಟ್ಟೆ ತಗಡಿನಂತಾಯಿತು.

ಅಲ್ಲಿ ಅವರು ಕಲ್ಲಿನ ಗೋಡೆ ಕಟ್ಟಿ, ಕ್ಯಾನ್ವಾಸ್ ಹೊದಿಸಿ, ಒಂದು ಪುಟ್ಟ ಗುಡಿಸಿಲು ಮಾಡಿಕೊಂಡರು; ಸ್ಲೆಡ್ಜನ್ನೇ ತೊಲೆಯಾಗಿ ಇಟ್ಟರು. ಐದು ಮೊಟ್ಟೆ ಸಂಪಾದಿಸಿದರು, ಎರಡು ದಾರಿಯಲ್ಲೇ ಒಡೆದವು. ಗುಡಿಸಿಲಿನ ಬಾಗಿಲ ಬಳಿ ಗುಡಾರವನ್ನೂ ಹೂಡಿದ್ದರು. ತುದಿಯಲ್ಲಿ ಒಂದುಗೂಡಿದ ಬಿದಿರಿನ ಗಳುಗಳು, ಮೇಲೆ ಹೊದಿಕೆ, ಹೊದಿಕೆಯ ಕೆಳಗೆ ಅಗಲವಾದ ಅಂಚು. ಆ ಅಂಚಿನ ಮೇಲೆ ಹಿಮವನ್ನೂ ಕಲ್ಲನ್ನೂ ಪೇರಿಸಿ ಗುಡಾರವನ್ನು ನೆಲಕ್ಕೆ ಬಿಗಿಯುವುದು ಪದ್ಧತಿ. ನೆಲಹಾಸು ಮಾತ್ರ ಬೇರೆಯೇ ಆದ ತುಂಡು. ಜುಲೈ 22ರಂದು ಬಿರುಗಾಳಿ ಎದ್ದಿತು. ಬೋವರ್ಸ್ ಹೊರಗೆ ಇಣುಕಿ ನೋಡಿದಾಗ ಗುಡಾರವಿರಲಿಲ್ಲ. ಅದರೊಳಗಿಟ್ಟಿದ್ದ ಸಾಮಾನುಗಳು ಬಹುಪಾಲು ಅಲ್ಲೇ ಇದ್ದವು! ಗಾಳಿ ಗುಡಾರವನ್ನು ಮುಚ್ಚಳ ತೆಗೆದಂತೆ ಎತ್ತಿಕೊಂಡು ಹೋಗಿತ್ತು.

ಮರುದಿನ ಗುಡಿಸಿಲಿನ ಚಾವಣಿಯೂ ಚೂರುಚೂರಾಯಿತು. ಅಂದು ವಿಲ್ಸನ್ನನ ಹುಟ್ಟುಹಬ್ಬ. ಗುಡಿಸಿಲನ್ನು ದಿಬ್ಬದ ನೆತ್ತಿಯ ಮರೆಯಲ್ಲಿ ಕಟ್ಟಿದ್ದೇ ಮುಳುವಾಯಿತು. ನೆತ್ತಿಯನ್ನು ದಾಟಿ ಬೀಸುವ ಗಾಳಿ ಅದರ ಹಿಂಬದಿಯಲ್ಲಿ ಒತ್ತಡವನ್ನು ಕಡಿಮೆ ಮಾಡಿ ಚಾವಣಿಯನ್ನು ಮೇಲಕ್ಕೆ ಹೀರಿತು. ಮರೆಯೆಂದು ಕಂಡದ್ದೆಲ್ಲ ಆಸರೆಯಾಗುವುದಿಲ್ಲ. ಮೂವರೂ ಮಲಗುಚೀಲಗಳಲ್ಲಿ ಹಿಮದಡಿ ಹುದುಗಿ, ಅನ್ನಾಹಾರವಿಲ್ಲದೆ, ಗಾಳಿ ತಗ್ಗುವುದನ್ನೇ ಕಾದರು. ಗುಡಾರವಿಲ್ಲದೆ ಆ ಚಳಿಯಲ್ಲಿ ನೂರು ಕಿಲೋಮೀಟರು ಹಿಂದಿರುಗುವುದು ಅಸಾಧ್ಯವೆಂದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಾಳಿ ಇಳಿದ ಮೇಲೆ, ಉಳಿದಿದ್ದ ನೆಲಹಾಸನ್ನು ತಲೆಯ ಮೇಲೆ ಹಿಡಿದು ಸ್ವಲ್ಪ ಬಿಸಿ ಆಹಾರ ಬೇಯಿಸಿಕೊಂಡು, ಕತ್ತಲಲ್ಲೇ ಹುಡುಕಲು ಹೊರಟರು. ಸುಮಾರು ಅರ್ಧ ಮೈಲಿ ಕೆಳಗೆ, ಇಳಿಜಾರಿನ ಬುಡದಲ್ಲಿ, ಬೋವರ್ಸ್‌ಗೆ ಅದು ಸಿಕ್ಕಿತು. ಮಡಿಸಿದ ಕೊಡೆಯಂತೆ ಗಳುಗಳು ಮುಚ್ಚಿಕೊಂಡಿದ್ದರಿಂದ ಗಾಳಿಗೆ ಹಿಡಿಯಲು ಏನೂ ಉಳಿಯದೆ ಅಲ್ಲೇ ಬಿದ್ದಿತ್ತು, ಹೆಚ್ಚು ಹರಿದೂ ಇರಲಿಲ್ಲ. ಆ ರಾತ್ರಿ ಬೋವರ್ಸ್ ತನ್ನ ಮಲಗುಚೀಲಕ್ಕೂ ಗುಡಾರದ ತುದಿಗೂ ಹಗ್ಗ ಕಟ್ಟಿಕೊಂಡು ಮಲಗಿದ. ಇನ್ನೊಮ್ಮೆ ಅದು ಹೋದರೆ ತಾನೂ ಜೊತೆಗೆ ಹೋಗಲಿ ಎಂದು. ಆಗಸ್ಟ್ 1ರಂದು ಮೂವರೂ ಜೀವಂತವಾಗಿ ಬೀಡು ಸೇರಿದರು. ಉಳಿದ ಮೂರು ಮೊಟ್ಟೆಗಳು ಲಂಡನ್ನಿನ ವಸ್ತುಸಂಗ್ರಹಾಲಯ ತಲುಪಿದವು. ಅವುಗಳಿಂದ ವಿಕಾಸದ ಗುಟ್ಟೇನೂ ಹೊರಬೀಳಲಿಲ್ಲ.

ಮುಂದಿನ ವರ್ಷ ಮಾರ್ಚಿನಲ್ಲಿ ಧ್ರುವದಿಂದ ಹಿಂದಿರುಗುತ್ತ ಸ್ಕಾಟ್, ವಿಲ್ಸನ್, ಬೋವರ್ಸ್ ಗುಡಾರದಲ್ಲೇ ಪ್ರಾಣ ಬಿಟ್ಟರು. 1912ರ ನವೆಂಬರಿನಲ್ಲಿ ಹುಡುಕಿ ಬಂದವರಲ್ಲಿ ಚೆರಿ-ಗರಾರ್ಡ್ ಕೂಡ ಇದ್ದ. ಎಂಟು ತಿಂಗಳ ಗಾಳಿಗೆ ಆ ಗುಡಾರ ಅಲುಗದೆ ನಿಂತಿತ್ತು. ಬಂದವರು ಗಳುಗಳನ್ನು ತೆಗೆದು ಹೊದಿಕೆಯನ್ನೇ ಆ ಮೂವರ ಮೇಲೆ ಮುಚ್ಚಿ, ಹಿಮದ ಗೋಪುರ ಕಟ್ಟಿ ಹಿಂದಿರುಗಿದರು. ಗುಡಾರ ಅವರಿಗೆ ಕೊನೆಯವರೆಗೂ ಕೈಕೊಡಲಿಲ್ಲ. ಕೈಕೊಟ್ಟದ್ದು ಅನ್ನ, ಎಣ್ಣೆ ಮತ್ತು ಮೈಯ ಶಕ್ತಿ. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ಸುಮ್ಮನೆ ಕೂರುತ್ತಿದ್ದರು. ಅದೇ ಬಗೆಯ, ಅಂಚಿನ ಮೇಲೆ ಹಿಮ ಪೇರಿಸುವ ಪಿರಮಿಡ್ಡಿನಾಕಾರದ ಗುಡಾರಗಳು ಅಂಟಾರ್ಕ್ಟಿಕದಲ್ಲಿ ಇಂದಿಗೂ ಬಳಕೆಯಲ್ಲಿವೆ.

ಆಧುನಿಕ ಗುಡಾರದ ಕಥೆ ಚಿಕ್ಕದು. 1938ರಲ್ಲಿ ಲೋಕಕ್ಕೆ ಪರಿಚಯವಾದ ನೈಲಾನ್, ಆಮೇಲೆ ಬಂದ ಪಾಲಿಯೆಸ್ಟರ್, ಹಗುರ ಅಲ್ಯೂಮಿನಿಯಂ ಕೊಳವೆಗಳು ಸೇರಿ ಭಾರವನ್ನು ಇಳಿಸಿದವು. ಬಕ್‌ಮಿನ್‌ಸ್ಟರ್ ಫುಲ್ಲರ್ ಪ್ರಚಾರಕ್ಕೆ ತಂದ ಜಿಯೋಡೆಸಿಕ್ ಗುಮ್ಮಟದ ತತ್ವವನ್ನು ಅನುಸರಿಸಿ 1975ರಲ್ಲಿ ನಾರ್ತ್ ಫೇಸ್ ಕಂಪನಿ ‘ಓವಲ್ ಇಂಟೆನ್ಷನ್’ ಎಂಬ ಗುಡಾರವನ್ನು ಮಾರುಕಟ್ಟೆಗೆ ತಂದಿತು. ಬಾಗಿದ ಕಡ್ಡಿಗಳು ಒಂದನ್ನೊಂದು ಹಲವೆಡೆ ಹಾಯ್ದು ಹೋಗುವುದರಿಂದ ಒಂದೆಡೆ ಬಿದ್ದ ಹೊಡೆತ ಇಡೀ ಚೌಕಟ್ಟಿಗೆ ಹಂಚಿಹೋಗುತ್ತದೆ. ಕ್ರಿಮಿಯಾದ ಒಂಟಿ ಕಂಬಕ್ಕೆ ಇದು ನೂರಿಪ್ಪತ್ತು ವರ್ಷಗಳ ನಂತರ ದೊರೆತ ಉತ್ತರ.

ಇನ್ನು ಗೋಕರ್ಣದ ವಿಚಾರ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದನ್ನು ನೆನಪಿಡಿ. ಆದ್ದರಿಂದ ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರದ ಅರಮನೆಯಂಥ ಗುಡಾರ ಬೇಡ. ತಗ್ಗಾದ, ಕಡ್ಡಿಗಳು ಕನಿಷ್ಠ ಎರಡು ಮೂರು ಕಡೆ ಒಂದನ್ನೊಂದು ಹಾಯುವ, ಕಡ್ಡಿ ಅಲ್ಯೂಮಿನಿಯಮ್ಮಿನದಾದ, ನೆಲಹಾಸು ಹೊಲಿದಿರುವ ಗುಡಾರ ಕೊಳ್ಳಿ. ಹೊರಹೊದಿಕೆ ನೆಲದ ತನಕ ಇಳಿದಿರಲಿ. ಬಟ್ಟೆ ಪಾಲಿಯೆಸ್ಟರ್ ಆದರೆ ಒದ್ದೆಯಾದಾಗ ನೈಲಾನಿನಷ್ಟು ಜೋತುಬೀಳುವುದಿಲ್ಲ, ಬಿಸಿಲಿಗೂ ಹೆಚ್ಚು ಬಾಳಿಕೆ ಬರುತ್ತದೆ. ಅಂಗಡಿಯವರು ನೀರಿನ ತಡೆಯನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಬಟ್ಟೆ ಅಷ್ಟು ಎತ್ತರದ ನೀರಿನ ಕಂಬವನ್ನು ಸೋರದೆ ತಾಳಿತು ಎಂದು ಅದರ ಅರ್ಥ. ಅದೊಂದನ್ನೇ ನೋಡಿ ಮರುಳಾಗಬೇಡಿ, ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ ಎಂದೂ ನೋಡಿ.

ಗುಡಾರದ ಜೊತೆ ಬರುವ ಸಣ್ಣ ಗೂಟಗಳು ಮರಳಿನಲ್ಲಿ ನಿಲ್ಲುವುದಿಲ್ಲ, ಅವನ್ನು ಮನೆಯಲ್ಲೇ ಬಿಡಿ. ಬಟ್ಟೆಯ ಚೀಲಕ್ಕೆ ಒದ್ದೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದದ ಗುಂಡಿಯಲ್ಲಿ ಹೂತು ತುಳಿಯಿರಿ. ಚೀಲವಿಲ್ಲದಿದ್ದರೆ ಒಂದು ಗಟ್ಟಿ ಕಟ್ಟಿಗೆಯ ತುಂಡನ್ನು ಅಡ್ಡಲಾಗಿ ಹೂತರೂ ಆದೀತು. ಧ್ರುವದವರು ಹಿಮ ಪೇರಿಸಿದ ಕೆಲಸವನ್ನೇ ನೀವು ಮರಳಿನಿಂದ ಮಾಡುತ್ತಿದ್ದೀರಿ. ಗುಡಾರದ ಕಿರಿದಾದ ತುದಿ ಗಾಳಿಗೆ ಮುಖಮಾಡಿರಲಿ. ಇಲ್ಲೊಂದು ಸೂಕ್ಷ್ಮವಿದೆ: ಡಿಸೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಘಟ್ಟದ ಕಡೆಯಿಂದ ಕಡಲಿಗೆ ತಿರುಗುತ್ತದೆ. ಸಂಜೆಯ ಗಾಳಿಯನ್ನಷ್ಟೇ ನೋಡಿ ಬಾಗಿಲನ್ನು ಘಟ್ಟಕ್ಕೆ ತೆರೆದರೆ ನಡುರಾತ್ರಿ ಅದೇ ಬಾಗಿಲಿನಿಂದ ಗಾಳಿ ಒಳನುಗ್ಗುತ್ತದೆ. ಆದ್ದರಿಂದ ಎರಡೂ ಬದಿಯ ಹಗ್ಗಗಳನ್ನು ಹಗಲಿರುವಾಗಲೇ ಬಿಗಿದಿಡಿ. ಉಬ್ಬರದ ನೀರು ಕಸಕಡ್ಡಿ ತಂದು ಬಿಟ್ಟ ಗೆರೆ ದಂಡೆಯ ಮೇಲೆ ಕಾಣುತ್ತದೆ. ಅದಕ್ಕಿಂತ ಸಾಕಷ್ಟು ಮೇಲೆ ಹೂಡಿ. ಊರಿನವರನ್ನೂ ಪೊಲೀಸ್ ಠಾಣೆಯನ್ನೂ ಮೊದಲೇ ವಿಚಾರಿಸಿ. ಆ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವುದುಂಟು, ಆದ್ದರಿಂದ ರಾತ್ರಿ ದೊಡ್ಡ ದೀಪ ಹಚ್ಚಬೇಡಿ. ಹೊರಡುವ ಮುನ್ನ ಒಮ್ಮೆ ಮನೆಯ ಮಹಡಿಯ ಮೇಲೆ ಗುಡಾರವನ್ನು ಹೂಡಿ ನೋಡಿ, ಮಕ್ಕಳ ಕೈಯಲ್ಲೇ ಕಟ್ಟಿಸಿ.