ಹಿಮದ ದಾರಿ, ಎರೆಯ ದಾರಿ

ಆಫೀಸಿನ ಕೆಲಸದ ಮೇಲೆ ಒಂದು ಚಳಿಗಾಲ ಅಮೆರಿಕದ ಮಿನ್ನೆಸೋಟಾದಲ್ಲಿದ್ದೆ. ಊರ ಹೊರಗಿನ ಹಳ್ಳಿ ರಸ್ತೆಗಳ ಮೇಲೆ ಹಿಮ ಬಿದ್ದು ಗಟ್ಟಿಯಾದಾಗ ಕಾರು ಓಡಿಸುವುದು ಹೇಗೆ ಅಂತ ಅಲ್ಲಿ ಬಹಳ ವರ್ಷದಿಂದ ಇದ್ದ ಕನ್ನಡದ ಗೆಳೆಯನೊಬ್ಬ ಪಾಠ ಹೇಳಿಕೊಟ್ಟ. ನಿಧಾನಕ್ಕೆ ಹೋಗು. ಬ್ರೇಕ್ ಒಮ್ಮೆಲೇ ಒತ್ತಬೇಡ. ಸ್ಟೀರಿಂಗ್ ಜಗ್ಗಿ ತಿರುಗಿಸಬೇಡ. ಮುಂದಿನ ಗಾಡಿಗೂ ನಿನಗೂ ನಡುವೆ ಜಾಗ ಬಿಡು. ಕೊನೆಗೆ ಹೇಳಿದ್ದು, "ಹೋಗಲೇಬೇಕಾದ ಕೆಲಸ ಇಲ್ಲ ಅಂದ್ರೆ ಹೋಗಲೇಬೇಡ."

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ನೆನಪಾಗಿದ್ದು ಚಂದಾಪುರದ ನಮ್ಮ ಮುತ್ಯಾ. ಮಳೆ ಹಿಡಿದ ದಿನ ಯಾರಾದರೂ ಬಂಡಿ ಹೂಡಲು ಹೊರಟರೆ ಅವನು ಹೀಗನ್ನುತ್ತಿದ್ದ: "ಇವತ್ತ ಹೊಂಟ್ರ ನಾಳಿ ಮುಟ್ತಿ. ನಾಳಿ ಹೊಂಟ್ರೂ ನಾಳಿನೇ ಮುಟ್ತಿ. ಸುಮ್ನ ಕೂಡು."

ನಮ್ಮ ಕಡೆ ಹಿಮ ಎಲ್ಲಿಂದ ಬರಬೇಕು! ಬೇಸಿಗೆಯಲ್ಲಿ ಸೇಡಂ, ವಾಡಿ, ಶಹಾಬಾದ್ ಕಡೆಯ ಬಿಸಿಲು ಕಂಡವರು ನಕ್ಕುಬಿಡುತ್ತಾರೆ. ಆದರೆ ನಮಗೂ ನಮ್ಮದೇ ಒಂದು ಹಿಮ ಇದೆ. ಅದು ಕಪ್ಪು ಬಣ್ಣದ್ದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಇರುತ್ತದೆ. ಅದೇ ಎರೆ ಮಣ್ಣು.

ದಖ್ಖನ್ನಿನ ಕರಿಕಲ್ಲು ಸವೆದು ಸವೆದು ಆದ ಮಣ್ಣು ಇದು. ಇದರಲ್ಲಿರುವ ಜೇಡಿಯ ಕಣಗಳು ಬಹಳ ಸಣ್ಣವು, ಹಾಳೆ ಹಾಳೆಯಾಗಿ ಒಂದರ ಮೇಲೊಂದು ಕೂತಿರುತ್ತವೆ. ನೀರು ಬಿದ್ದರೆ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ತೊಗರಿಗೆ, ಜೋಳಕ್ಕೆ ಇದು ಬಂಗಾರ. ರಸ್ತೆಗೆ ಮಾತ್ರ ಶತ್ರು. ಒಂದು ಮಳೆಗೆ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಅದೇ ಹೊತ್ತಿಗೆ ಅಂಟಿಯೂ ಕೊಳ್ಳುತ್ತದೆ. ಸೈಕಲ್ ತಳ್ಳಿಕೊಂಡು ನಡೆದವರಿಗೆ ಗೊತ್ತು, ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ಲನ್ನು ನಾವೇ ಹೆಗಲ ಮೇಲೆ ಹೊರಬೇಕು!

ಹಿಮವನ್ನು ಕೆರೆದು ಬದಿಗೆ ಹಾಕಬಹುದು, ಉಪ್ಪು ಚೆಲ್ಲಿ ಕರಗಿಸಬಹುದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1938ರಲ್ಲಿ ರಸ್ತೆಗೆ ಉಪ್ಪು ಹಾಕುವ ಪ್ರಯೋಗ ಶುರುವಾಯಿತು. ಅದಕ್ಕೂ ಮುಂಚೆ, ಕಾರುಗಳಿಲ್ಲದ ಕಾಲದಲ್ಲಿ, ಆ ಕಡೆಯವರು ಹಿಮವನ್ನು ತೆಗೆಯುತ್ತಲೇ ಇರಲಿಲ್ಲ. ಕುದುರೆಗಳಿಂದ ದೊಡ್ಡ ಮರದ ಉರುಳೆ ಎಳೆಸಿ ಹಿಮವನ್ನೇ ಒತ್ತಿ ಗಟ್ಟಿ ಮಾಡಿ ಅದರ ಮೇಲೆ ಜಾರುಬಂಡಿ ಓಡಿಸುತ್ತಿದ್ದರು. ಎರೆ ಮಣ್ಣಿಗೆ ಇವೆರಡೂ ನಡೆಯುವುದಿಲ್ಲ. ಕೆರೆದರೆ ಕೆಳಗೆ ಮತ್ತೆ ಎರೆಯೇ, ಒತ್ತಿದರೆ ಇನ್ನಷ್ಟು ಕೆಸರು. ಹಾಗಾದರೆ ಈ ನೆಲದ ಜನ ಇಷ್ಟು ಶತಮಾನ ಏನು ಮಾಡಿದರು?

ಮೊದಲ ಉತ್ತರ ಸರಳ. ಹೋಗುತ್ತಿರಲಿಲ್ಲ.

ಚಿತ್ತಾಪುರ ತಾಲೂಕಿನ ಸನ್ನತಿ ಹೆಸರು ಕೇಳಿರಬಹುದು. ಭೀಮಾ ದಂಡೆಯ ಆ ಊರಿನ ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ಅಶೋಕನ ಹೆಸರು ಕೆತ್ತಿದ ಶಿಲ್ಪವೂ ಸಿಕ್ಕಿತು. ಬೌದ್ಧ ಭಿಕ್ಷುಗಳ ನಿಯಮದಲ್ಲಿ ವರ್ಷಾವಾಸ ಅಂತ ಒಂದಿದೆ. ಮಳೆಗಾಲದ ಮೂರು ತಿಂಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲಬೇಕು. ಅಲ್ಲಿಂದ ಸೇಡಂ ದಾರಿಯ ಮಳಖೇಡಕ್ಕೆ ಬನ್ನಿ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಲ್ಲಿ ಜೈನ ಬಸದಿ ಇದೆ, ಮಾಧ್ವರ ಟೀಕಾಚಾರ್ಯರ ವೃಂದಾವನ ಇದೆ. ಜೈನ ಮುನಿಗಳಿಗೂ ಚಾತುರ್ಮಾಸ, ಮಾಧ್ವ ಯತಿಗಳಿಗೂ ಚಾತುರ್ಮಾಸ್ಯ! ಮೂರು ಮತಗಳು ಎಷ್ಟೋ ವಿಷಯಕ್ಕೆ ವಾದ ಮಾಡಿದವು, ಮಳೆಗಾಲದಲ್ಲಿ ಪ್ರಯಾಣ ಬೇಡ ಅನ್ನುವುದರಲ್ಲಿ ಮಾತ್ರ ಒಂದಾದವು. ಕಾಲ ಕೆಳಗೆ ಹುಳುಹುಪ್ಪಟೆ ಸಾಯಬಾರದು ಅನ್ನುವುದು ಧರ್ಮದ ಕಾರಣ. ದಾರಿಯೇ ಇರುತ್ತಿರಲಿಲ್ಲ ಅನ್ನುವುದು ನೆಲದ ಕಾರಣ ಇರಬೇಕು ಅಂತ ನನ್ನ ಊಹೆ.

ರಾಜರೂ ಹಾಗೆಯೇ. ಮಳೆ ಮುಗಿದು ದಸರೆ ಬಂದ ಮೇಲೆ ಬನ್ನಿ ಪೂಜೆ, ಸೀಮೋಲ್ಲಂಘನ, ಆಮೇಲೆ ದಂಡು ಹೊರಡುವುದು. ದಸರೆಯನ್ನು ನಾವು ವಿಜಯದ ಹಬ್ಬ ಅನ್ನುತ್ತೇವೆ. ದಾರಿ ಒಣಗಿದ ಹಬ್ಬ ಅಂತಲೂ ಅನ್ನಬಹುದು.

ಆದರೆ ಇಲ್ಲೊಂದು ಮಾತಿದೆ. ಸನ್ಯಾಸಿ ಕಾಯಬಹುದು, ರಾಜ ಕಾಯಬಹುದು. ಹೆರಿಗೆ ನೋವು ಬಂದ ಹೆಣ್ಣುಮಗಳು ದಸರೆಯವರೆಗೆ ಕಾಯಲು ಆಗುವುದಿಲ್ಲ. ಹೊಲದಲ್ಲಿ ಹಾವು ಕಚ್ಚಿದವನೂ ಕಾಯಲಾರ. ಹೊರಸಿನ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ಮೊಣಕಾಲು ರಾಡಿಯಲ್ಲಿ ಪಕ್ಕಾ ರಸ್ತೆಯವರೆಗೆ ನಡೆದ ಕಥೆಗಳು ನಮ್ಮ ಪ್ರತಿ ಮನೆಯಲ್ಲೂ ಇವೆ. ಕೆಲವರು ಮುಟ್ಟಿದರು, ಕೆಲವರು ಮುಟ್ಟಲಿಲ್ಲ. "ಸುಮ್ನ ಕೂಡು" ಅನ್ನುವುದು ಆಯ್ಕೆ ಇದ್ದವರಿಗೆ ಮಾತ್ರ ಬುದ್ಧಿಮಾತು. ಇಲ್ಲದವರಿಗೆ ರಸ್ತೆಯೇ ಬೇಕು.

ಎರೆಯನ್ನು ಮೊದಲು ಗೆದ್ದದ್ದು ರೈಲು. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ, ಸೇಡಂ ಆ ದಾರಿಯಲ್ಲೇ ಬರುತ್ತವೆ. ರೈಲು ಗೆದ್ದದ್ದು ಹೇಗೆ? ಎರೆಯ ಮೇಲೆ ಓಡಲೇ ಇಲ್ಲ, ಅಷ್ಟೇ! ಏರಿ ಕಟ್ಟಿ, ಖಡಿ ಹಾಸಿ, ನೀರಿಗೆ ಮೋರಿ ಬಿಟ್ಟು, ನೆಲದಿಂದ ಮೇಲೆ ಹೋಯಿತು. ಆದರೆ ಚಿಂಚೋಳಿ-ಚಂದಾಪುರಕ್ಕೆ ಆ ಹಳಿ ಬರಲಿಲ್ಲ. ನಮ್ಮ ಪಾಲಿಗೆ ಮುಲ್ಲಾಮಾರಿ ಹೊಳೆ, ಬಂಡಿ ಮತ್ತು ರಾಡಿಯೇ ಉಳಿದವು.

ರೈಲಿನವರು ಮಾಡಿದ್ದನ್ನು ರಸ್ತೆಗೆ ಮೊದಲೇ ಹೇಳಿದವನು ಸ್ಕಾಟ್ಲೆಂಡಿನ ಜಾನ್ ಮೆಕಾಡಮ್. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಮೇಲ್ವಿಚಾರಕನಾದವನು. ಅವನ ಮಾತು ಇಷ್ಟೇ: ಭಾರ ಹೊರುವುದು ಕಲ್ಲಲ್ಲ, ಕೆಳಗಿನ ನೆಲ. ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಅದಕ್ಕೇ ರಸ್ತೆಯನ್ನು ಸುತ್ತಲ ನೆಲಕ್ಕಿಂತ ಎತ್ತರಿಸು, ನಡುವೆ ಸ್ವಲ್ಪ ಉಬ್ಬಿಸು, ಸಣ್ಣ ಒಡೆದ ಕಲ್ಲು ಹಾಕು, ನೀರು ಬದಿಗೆ ಹರಿದು ಹೋಗಲಿ. ಕಲ್ಲಿನ ಹೊದಿಕೆ ನೆಲಕ್ಕೆ ಸೂರು ಇದ್ದ ಹಾಗೆ. ನನಗೆ ಇದು ಬಹಳ ಇಷ್ಟವಾದ ಮಾತು. ರಸ್ತೆ ಮಾಡುವುದು ಅಂದರೆ ನೀರನ್ನು ಹೊರಗಿಡುವುದು.

ನಿಜಾಮರ ರೈಲ್ವೆ 1932ರ ಜೂನ್‌ನಲ್ಲಿ ಬಸ್ಸು ಓಡಿಸಲು ತೊಡಗಿತು. ಆಗ ಇದ್ದದ್ದು 27 ಬಸ್ಸು, 166 ಜನ ನೌಕರರು, ಇಡೀ ಹೈದರಾಬಾದ್ ಸಂಸ್ಥಾನಕ್ಕೆ! ಅವು ಪಕ್ಕಾ ರಸ್ತೆ ಇದ್ದಲ್ಲಿ ಮಾತ್ರ ಓಡಿದವು. 1943ರ ನಾಗಪುರ ಯೋಜನೆ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ಲೆಕ್ಕ ಹಾಕಿತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಲಬುರಗಿಯನ್ನೇ ಕೇಂದ್ರ ಮಾಡಿಕೊಂಡ ಸಾರಿಗೆ ಸಂಸ್ಥೆ ಆಗಲು 2000ನೇ ಇಸವಿ ಬರಬೇಕಾಯಿತು. ಅದೇ ವರ್ಷ ಡಿಸೆಂಬರ್ 25ರಂದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿ, ಬಯಲು ಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರಿಗೂ ಸರ್ವಋತು ರಸ್ತೆ ಎಂಬ ಗುರಿ ಇಟ್ಟುಕೊಂಡಿತು.

ಈ "ಸರ್ವಋತು ರಸ್ತೆ" ಅಂದರೆ ಏನು ಅಂತ ಆ ಯೋಜನೆಯ ನಿಯಮದಲ್ಲೇ ಬರೆದಿದ್ದಾರೆ. ಎಲ್ಲ ಕಾಲದಲ್ಲೂ ಹೋಗಿ ಬರುವಂತಿರಬೇಕು, ನೀರು ಸರಿಯಾಗಿ ಹರಿದು ಹೋಗಬೇಕು, ಮೋರಿ ಸೇತುವೆ ಇರಬೇಕು. ಡಾಂಬರು ಇರಲೇಬೇಕು ಅಂತಿಲ್ಲ! ಮೆಕಾಡಮ್ ಹೇಳಿದ್ದೇ ಇದು. ನಾವು ಮಾತ್ರ ಡಾಂಬರು ಕಂಡರೆ ರಸ್ತೆ ಆಯಿತು ಅಂದುಕೊಳ್ಳುತ್ತೇವೆ, ಮೋರಿ ಎಲ್ಲಿ ಅಂತ ಕೇಳುವುದಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ರಸ್ತೆ ಎರೆಯಿಂದ ಮೇಲೆ ಬಂತು, ಆದರೆ ಎರೆಯೂ ರಸ್ತೆಯ ಮೇಲೆ ಬಂತು. ಮಳೆಯಲ್ಲಿ ಹೊಲದಿಂದ ಟ್ರ್ಯಾಕ್ಟರ್ ಹೊರಬಂದಾಗ ಅದರ ದೊಡ್ಡ ಗಾಲಿಗಳು ಹೆಂಟೆ ಹೆಂಟೆ ಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತವೆ. ಮುಂದಿನ ಮಳೆಗೆ ಅದು ತೆಳ್ಳನೆಯ ಕಪ್ಪು ಲೇಪ. ಕಪ್ಪು ರಸ್ತೆಯ ಮೇಲೆ ಕಪ್ಪು ಮಣ್ಣು ರಾತ್ರಿ ಕಾಣುವುದೇ ಇಲ್ಲ. ಹಿಮವಾದರೆ ಬೆಳ್ಳಗೆ ಕಂಡು ಎಚ್ಚರಿಸುತ್ತದೆ, ನಮ್ಮದು ಅಷ್ಟೂ ಮರ್ಯಾದೆ ತೋರಿಸುವುದಿಲ್ಲ. ಸೇಡಂ, ವಾಡಿ, ಶಹಾಬಾದ್ ಕಡೆ ಇನ್ನೊಂದಿದೆ. ಅಲ್ಲಿನ ನೆಲದಲ್ಲಿರುವುದು ಸುಣ್ಣದಕಲ್ಲು. ಅದರಿಂದಲೇ ನಮ್ಮ ಪರಸಿ, ಅದರಿಂದಲೇ ಸಿಮೆಂಟು. ಆ ಜಾತಿಯ ಖಡಿ ಲಾರಿಗಳ ಕೆಳಗೆ ಬೇಗ ನುಣುಪಾಗುತ್ತದೆ. ಮೇಲೆ ಧೂಳು, ಎಣ್ಣೆ, ಮೊದಲ ತುಂತುರು ಮಳೆ. ಜೋರು ಮಳೆಗಿಂತ ಆ ಮೊದಲ ಹತ್ತು ನಿಮಿಷವೇ ಅಪಾಯ.

ಎಂಜಿನಿಯರ್ ಬುದ್ಧಿ, ಸಣ್ಣ ಲೆಕ್ಕ ಮಾಡುತ್ತೇನೆ, ಬೇಜಾರಾಗಬೇಡಿ. ಒಣ ಡಾಂಬರಿನ ಮೇಲೆ ಘರ್ಷಣೆಯ ಅಂಕ ಸುಮಾರು 0.7. ಗಟ್ಟಿ ಹಿಮದ ಮೇಲೆ ಸುಮಾರು 0.2. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಮೊದಲನೆಯದರಲ್ಲಿ ಸುಮಾರು 14 ಮೀಟರಿಗೆ ನಿಲ್ಲುತ್ತೀರಿ, ಎರಡನೆಯದರಲ್ಲಿ ಸುಮಾರು 49 ಮೀಟರ್ ಬೇಕು. ಅದೇ ಜಾರುವ ನೆಲದಲ್ಲಿ ವೇಗವನ್ನು 25ಕ್ಕೆ ಇಳಿಸಿದರೆ? ಸುಮಾರು 12 ಮೀಟರ್! ವೇಗ ಅರ್ಧವಾದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಮೀರಿಸುವ ಉಪಕರಣ ಇನ್ನೂ ಬಂದಿಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಒಳ್ಳೆಯದೇ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಇನ್ನು ಹೊಳೆ. ಚಂದಾಪುರದ ಮುಲ್ಲಾಮಾರಿ ಹರಿದು ಕಾಗಿಣಾಕ್ಕೆ ಸೇರುತ್ತದೆ, ಕಾಗಿಣಾ ಶಹಾಬಾದ್ ಕಡೆ ಭೀಮಾಕ್ಕೆ. 2020ರ ಅಕ್ಟೋಬರ್‌ನಂತಹ ಮಳೆಯಲ್ಲಿ ಸೇತುವೆಗಳ ಮೇಲೆಯೇ ನೀರು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ಒಯ್ಯಬಲ್ಲದು, ಎರಡಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು. ಆದರೂ ಪ್ರತಿ ಮಳೆಗಾಲ ಯಾರೋ ಒಬ್ಬರು ಬೈಕ್ ಇಳಿಸುತ್ತಾರೆ. ಹೆಚ್ಚಿನ ಸಲ ಅವರಿಗೆ ಅಂಥ ತುರ್ತೇನೂ ಇರುವುದಿಲ್ಲ.

ನನ್ನನ್ನು ಕಾಡುವುದು ಇದೇ. ಕಾಯಲಾರದವರಿಗಾಗಿ ರಸ್ತೆ ಮಾಡಿದೆವು. ರಸ್ತೆ ಆದ ಮೇಲೆ ಕಾಯಬಲ್ಲವರೂ ಕಾಯುವುದನ್ನು ಮರೆತೆವು. ಮಿನ್ನೆಸೋಟಾದಲ್ಲಿ ಹಿಮ ಜೋರಾದರೆ ಶಾಲೆಗೆ ರಜೆ, ಆಫೀಸಿಗೆ ಬರಬೇಡಿ ಅನ್ನುತ್ತಾರೆ, ಯಾರೂ ನಾಚಿಕೆಪಡುವುದಿಲ್ಲ. ಬ್ರಿಟನ್ನಿನಲ್ಲಿ ರಸ್ತೆಗೆ ಮಣ್ಣು ಬೀಳಿಸಿದ ರೈತ ತಾನೇ ಗುಡಿಸಬೇಕು, "ರಸ್ತೆ ಮೇಲೆ ಕೆಸರಿದೆ" ಅಂತ ಫಲಕ ಇಡುತ್ತಾನೆ. ನಮ್ಮಲ್ಲಿ ಒಂದು ಸಲಿಕೆ, ಒಂದು ಫಲಕ ಸಾಕು. ಕಷ್ಟವೇನಿಲ್ಲ.

ಎರಡು ಸಾವಿರ ವರ್ಷ ಈ ನೆಲದ ಮೇಲೆ ಬದುಕಿದವರು ದಡ್ಡರಾಗಿರಲಿಲ್ಲ. ಅವರಿಗೆ ರಸ್ತೆ ಇರಲಿಲ್ಲ, ತಾಳ್ಮೆ ಇತ್ತು. ನಮಗೆ ರಸ್ತೆ ಇದೆ. ಅದರ ಜೊತೆ ತಾಳ್ಮೆಯೂ ಇದ್ದರೆ ಹೆರಿಗೆಗೆ ಹೊರಟ ಆ ಗಾಡಿಗೆ ದಾರಿ ಖಾಲಿ ಇರುತ್ತದೆ.

ಈ ಸಲ ಮಳೆಯಲ್ಲಿ ಊರಿಗೆ ಹೋದಾಗ ಚಂದಾಪುರ ಹತ್ತಿರ ಬಂದಂತೆ ಮಳೆ ಹಿಡಿಯಿತು. ಹೊಟೇಲ್ ಒಂದರ ಮುಂದೆ ಗಾಡಿ ನಿಲ್ಲಿಸಿ ಎರಡು ಚಹಾ ಕುಡಿದು ಕೂತೆ. ಮನೆ ಮುಟ್ಟಿದ್ದು ಎರಡು ಗಂಟೆ ತಡವಾಗಿ. ಮುತ್ಯಾ ಇದ್ದಿದ್ದರೆ ಏನೂ ಕೇಳುತ್ತಿರಲಿಲ್ಲ.